ತಾಹೆರಾಳ ಗಾಡಿಯೂ ನಮ್ಮತ್ತೆಯ ಹರಕೆಯೂ

ನಮ್ಮತ್ತೆ ಗಂಗರತ್ನಮ್ಮನವರಿಗೆ ಕೆಲಸ ಶುರು ಮಾಡುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಇದನ್ನು ಸೊಸೆಯ ಹೊಟ್ಟೆಯುರಿ ಎಂದುಕೊಳ್ಳಬೇಡಿ. ಕಟ್ಟಿಕೊಂಡ ನಮ್ಮ ಮಾವನವರೇ ಒಪ್ಪುವ ಮಾತು ಇದು, ಅತ್ತೆ ಹತ್ತಿರದಲ್ಲಿ ಇಲ್ಲದಾಗ. ಒಂದು ಬೇಸಿಗೆಯಲ್ಲಿ ಮನೆ ಮಟ್ಟಿಗೆಂದು ಹಪ್ಪಳ ಒತ್ತಲು ಕೂತವರು ಅಕ್ಕಪಕ್ಕದ ತಾರಸಿಗಳನ್ನೆಲ್ಲ ಹಪ್ಪಳದಿಂದ ಮುಚ್ಚಿಬಿಟ್ಟರು. ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಬೀದಿಯವರು ಜಗಳಕ್ಕೆ ಬಂದ ಮೇಲೆಯೇ ಎದ್ದದ್ದು. ಇಂಥವರು ದೇವರ ಮುಂದೆ ಹರಕೆ ಹೊತ್ತರೆ ಏನಾಗಬಹುದೋ ಅದೇ ಆಯಿತು.

ನಮ್ಮ ಮನೆ ಇರುವುದು ಬ್ಯಾಟರಾಯನಪುರದ ಹಿಂದಿನ ಹಳೇ ಊರಿನಲ್ಲಿ, ದಿಬ್ಬದ ಮೇಲೆ. ದಿಬ್ಬದ ಕೆಳಗೆ ಮೊದಲು ಗದ್ದೆಗಳಿದ್ದವು, ಈಗ ಬೀದಿಗಳಿವೆ. ಹೋದ ಮಳೆಗಾಲದ ಕೊನೆಯಲ್ಲಿ ಒಂದೇ ಸಮನೆ ಸುರಿದು ಕೆರೆ ಕೋಡಿ ಬಿದ್ದಾಗ, ನೀರು ತನ್ನ ಹಳೇ ಗದ್ದೆಗಳನ್ನು ಹುಡುಕಿಕೊಂಡು ಬಂತು. ರಾಜಕಾಲುವೆ ಉಕ್ಕಿ ಕೆಳಗಿನ ಬೀದಿಗಳಲ್ಲಿ ಸೊಂಟದ ಮಟ್ಟ ನಿಂತಿತು. ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಸರ್ಕಾರಿ ಶಾಲೆಯ ಮಹಡಿ ಸೇರಿದರು. ನೀರು ನಮ್ಮ ಮೆಟ್ಟಿಲಿನವರೆಗೂ ಬಂತು. ಅತ್ತೆ ಬಾಗಿಲಲ್ಲಿ ನಿಂತು ಅದಕ್ಕೆ ಅರಿಸಿನ ಕುಂಕುಮ ಹಾಕಿ, ಊರ ದೇವತೆ ಕಟ್ಟೆ ಮಾರಮ್ಮನನ್ನು ನೆನೆದು, ಒಳಗೆ ಬರಬೇಡ ತಾಯಿ, ಹಸಿದು ಬಂದವರಿಗೆಲ್ಲ ಒಂದು ಮಂಡಲ ಅನ್ನ ಹಾಕುತ್ತೇನೆ ಎಂದು ಹರಕೆ ಹೊತ್ತರು. ಮಂಡಲವೆಂದರೆ ಒಂದೂವರೆ ತಿಂಗಳ ಮೇಲಾಯಿತು. ನೀರು ನಿಂತಿತು. ಅದೇ ಹೊತ್ತಿಗೆ ಕಾಲುವೆಗೆ ಅಡ್ಡವಾಗಿ ಯಾರೋ ಕಟ್ಟಿದ್ದ ಗೋಡೆಯನ್ನು ಜೆಸಿಬಿಯವರು ಒಡೆದಿದ್ದರು ಎಂದು ನಾನು ಒಮ್ಮೆ ಹೇಳಿ ನೋಡಿದೆ. ಆ ಸಂಜೆ ನನಗೆ ಕಾಫಿ ಸಿಗಲಿಲ್ಲ.

ಸುಳ್ಳು ಹೇಳಬಾರದು, ಆ ಮೊದಲ ದಿನಗಳಲ್ಲಿ ಅತ್ತೆಯನ್ನು ನೋಡಿ ನನಗೆ ಹೆಮ್ಮೆಯಾಗಿತ್ತು. ಮನೆ ಪಕ್ಕದ ಖಾಲಿ ಶೆಡ್ಡಿನಲ್ಲಿ ಕಲ್ಲು ಜೋಡಿಸಿ ಒಲೆ ಹೂಡಿದರು. ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ದೊಡ್ಡ ಪಾತ್ರೆಗಳನ್ನು ಅಟ್ಟದಿಂದ ಇಳಿಸಿದರು. ಯಶವಂತಪುರದ ಯಾರ್ಡಿನಲ್ಲಿ ಮಂಡಿ ಇಟ್ಟಿರುವ ತಮ್ಮನಿಗೆ ಫೋನು ಮಾಡಿ ಬೈದು, ಅಕ್ಕಿ ಬೇಳೆ ಈರುಳ್ಳಿಯ ಮೂಟೆಗಳನ್ನು ತರಿಸಿದರು. ಅಧಿಕಾರಿಗಳು ಕಳಿಸಿದ ಊಟದ ಪೊಟ್ಟಣ ಬರುವಷ್ಟರಲ್ಲಿ ನಮ್ಮ ಶೆಡ್ಡಿನ ಮುಂದೆ ಜನ ಬಿಸಿ ಪೊಂಗಲ್ ತಿಂದು ಕೈ ತೊಳೆದಿದ್ದರು. ಯಾವ ಜಾತಿ, ಯಾವ ಮನೆ ಎಂದು ಅತ್ತೆ ಒಬ್ಬರನ್ನೂ ಕೇಳಲಿಲ್ಲ. ಸಾಕು ಅಂದವರಿಗೂ ಇನ್ನೊಂದು ಸೌಟು ಹಾಕಿದರು.

ತಾಹೆರಾ ನಮಗೆ ಹತ್ತಿರವಾದದ್ದು ಆಗಲೇ. ಕೆಳಗಿನ ಬೀದಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ, ಅವಳ ತಿಂಡಿ ಗಾಡಿ ಇತ್ತು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಶುಕ್ರವಾರ ಮಾತ್ರ ಕುಷ್ಕಾ. ಪೇಂಟ್ ಕೆಲಸದವರು, ಮನೆಗೆಲಸದ ಹೆಂಗಸರು, ಸೆಕ್ಯೂರಿಟಿ ಗಾರ್ಡುಗಳು ಅಲ್ಲೇ ನಿಂತು ತಿಂದು ಕೆಲಸಕ್ಕೆ ಹೋಗುತ್ತಿದ್ದರು. ಪ್ರವಾಹ ಆ ಗಾಡಿಯನ್ನು ಎತ್ತಿಕೊಂಡು ಹೋಗಿ ಶಾಲೆಯ ಕಾಂಪೌಂಡಿಗೆ ಹೊಡೆದಿತ್ತು. ಗ್ರೈಂಡರಿನ ತುಂಬ ಕೆಸರು. ಗಂಡ ಜಮೀರ್ ಓಡಿಸುತ್ತಿದ್ದ ಲಗೇಜು ಆಟೋದ ಇಂಜಿನ್ನಿಗೆ ನೀರು ನುಗ್ಗಿ, ಅದು ದಾಸರಹಳ್ಳಿಯ ಗ್ಯಾರೇಜಿನಲ್ಲಿ ಬಿಡಿಭಾಗಕ್ಕಾಗಿ ಕಾಯುತ್ತ ನಿಂತಿತ್ತು. ಶಾಲೆಯ ಮಹಡಿಯಲ್ಲಿದ್ದ ಅಷ್ಟೂ ದಿನ ತಾಹೆರಾ ಮತ್ತು ಅವಳ ಎರಡು ಮಕ್ಕಳು ಉಂಡದ್ದು ಅತ್ತೆಯ ಒಲೆಯ ಅನ್ನ. ನೀರಿಳಿದು ಬಾಡಿಗೆ ಮನೆಗೆ ಮರಳಿದ ಮೇಲೆ ಅವಳು ದಿನಾ ಬೆಳಿಗ್ಗೆ ಬಂದು ಶೆಡ್ಡಿನಲ್ಲಿ ಈರುಳ್ಳಿ ಹೆಚ್ಚತೊಡಗಿದಳು. ಯಾರೂ ಕರೆದಿರಲಿಲ್ಲ. ತಿಂದ ಅನ್ನಕ್ಕೆ ಕೈಲಾದದ್ದು ಮಾಡಬೇಕು ಎಂದಳು. ಅವಳ ಕೈಚಳಕ ನೋಡಿ ಅತ್ತೆಗೆ ಅವಳೆಂದರೆ ಬಲು ಪ್ರೀತಿ. ನನ್ನ ಕೈಗೆ ಚಾಕು ಕೊಟ್ಟದ್ದೇ ತಪ್ಪಾಯಿತೆಂದು ಎಲ್ಲರೆದುರು ಹೇಳುವ ಅಭ್ಯಾಸವೂ ಅಲ್ಲಿಂದಲೇ ಶುರುವಾಯಿತು.

ನಾನು ಯಲಹಂಕದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಸರಾ ರಜೆಯಿದ್ದುದರಿಂದ ನಾನೂ ನನ್ನ ಗೆಳತಿ ಮೋನಿಕಾಳೂ ಒಂದಷ್ಟು ಜನರನ್ನು ಸೇರಿಸಿಕೊಂಡು ಬೇರೊಂದು ಕೆಲಸ ಹಿಡಿದಿದ್ದೆವು. ಹಳೇ ಬಟ್ಟೆ, ಬಿಸ್ಕತ್ತು ಎಲ್ಲರೂ ತಂದು ಸುರಿಯುತ್ತಿದ್ದರು. ಬದುಕು ನಡೆಯಬೇಕಾದರೆ ಬೇಕಾದದ್ದು ದುಡಿಯುವ ಸಾಮಾನು. ಹೊಲಿಗೆ ಯಂತ್ರಗಳನ್ನು ಬಿಚ್ಚಿ ಎಣ್ಣೆ ಹಾಕಿಸಿದೆವು, ಇಸ್ತ್ರಿಯವನಿಗೆ ಮೇಜು ಮಾಡಿಸಿದೆವು, ಬಡಗಿಗೆ ಡ್ರಿಲ್ ಕೊಡಿಸಿದೆವು. ತಾಹೆರಾಳ ಗಾಡಿಗೆ ಹೊಸ ಚಕ್ರ, ಹೊಸ ಒಲೆ, ಹೊಸ ಇಡ್ಲಿ ಪಾತ್ರೆ ಬಂದವು. ಗ್ರೈಂಡರು ರಿಪೇರಿಯಾಗಿ ಬಂತು. ಜಮೀರ್ ತಾನೇ ಕೂತು ಗಾಡಿಗೆ ಹಸಿರು ಬಣ್ಣ ಹೊಡೆದ. ಶುರು ಮಾಡಿದ ದಿನ ನಾವೆಲ್ಲ ಒಂದೊಂದು ಪ್ಲೇಟು ತಿಂದು, ಫೋಟೋ ತೆಗೆದು, ಗ್ರೂಪಿಗೆ ಹಾಕಿ, ಎಲ್ಲರಿಂದ ಚಪ್ಪಾಳೆ ತೆಗೆದುಕೊಂಡು ಮನೆಗೆ ಬಂದೆವು. ಒಂದು ಸಂಸಾರವಂತೂ ದಡ ಸೇರಿತು ಎಂದುಕೊಂಡೆ.

ಮಾರನೇ ದಿನ ತಿಂಡಿಯ ಹೊತ್ತು ಮುಗಿಯುತ್ತ ಬಂದಾಗ ತಾಹೆರಾ ಬಟ್ಟೆ ಮುಚ್ಚಿದ ದೊಡ್ಡ ಡಬರಿಯೊಂದನ್ನು ಹೊತ್ತುಕೊಂಡು ಶೆಡ್ಡಿಗೆ ಬಂದಳು. ತುಂಬ ಇಡ್ಲಿ. ಅತ್ತೆ ಮುಖ ಅರಳಿಸಿಕೊಂಡು ಅದನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಿಟ್ಟರು. ಗಾಡಿ ಶುರು ಮಾಡಿದ ಕೂಡಲೇ ತಾಯಿಗೆ ಸೇವೆ ತಂದಿದ್ದಾಳೆ ನೋಡಿ, ಇಂಥ ಮನಸ್ಸು ಯಾರಿಗೆ ಬರುತ್ತೆ ಎಂದು ಸಾಲಿನಲ್ಲಿದ್ದವರಿಗೆಲ್ಲ ಸಾರಿ, ತಾವೇ ಬಡಿಸಿದರು. ತಾಹೆರಾ ತಲೆ ತಗ್ಗಿಸಿ ನಕ್ಕಳು. ಅದರ ಮಾರನೇ ದಿನವೂ ಡಬರಿ ಬಂತು. ಆ ದಿನ ಅತ್ತೆ ಇನ್ನೂ ಜೋರಾಗಿ ಹೊಗಳಿದರು. ಸೊಸೆಯಂದಿರು ನೋಡಿ ಕಲಿಯಬೇಕು ಎಂದರು. ಅಲ್ಲಿದ್ದ ಸೊಸೆ ನಾನೊಬ್ಬಳೇ.

ರಜೆ ಮುಗಿದು ಶಾಲೆ ಶುರುವಾದ ದಿನ ನಾನು ಬಸ್ಸಿಗೆಂದು ಕೆಳಗಿನ ತಿರುವಿನ ದಾರಿಯಲ್ಲಿ ಹೋದೆ. ತಾಹೆರಾಳ ಗಾಡಿಯಲ್ಲಿ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ಪ್ಲೇಟುಗಳನ್ನು ಒರೆಸಿ ಒಂದರ ಮೇಲೊಂದು ಇಟ್ಟಿದ್ದಳು. ಮುಂದೆ ಒಬ್ಬರೂ ಇರಲಿಲ್ಲ. ಅದೇ ಹೊತ್ತಿಗೆ ಪೇಂಟರ್ ಅಜ್ಜು ದಿಬ್ಬದಿಂದ ಇಳಿದು ಬಂದ. ವರ್ಷಗಟ್ಟಲೆ ಅವಳ ಹತ್ತಿರವೇ ತಿಂಡಿ ತಿಂದವನು. ಕೈಯಲ್ಲಿ ನಮ್ಮ ಶೆಡ್ಡಿನ ಅಡಕೆ ಹಾಳೆಯ ತಟ್ಟೆ, ಅದರಲ್ಲಿ ಹಬೆಯಾಡುವ ಬಿಸಿಬೇಳೆ ಬಾತ್. ಗಾಡಿ ಕಂಡದ್ದೇ ತಡ, ರಸ್ತೆಯ ಆಚೆ ಬದಿಗೆ ದಾಟಿ, ಮುಖ ತಿರುಗಿಸಿಕೊಂಡು ಹೋದ.

ನಾನು ಅವನ ಹಿಂದೆ ಹೋಗಿ ಹಿಡಿದೆ. ಯಾಕಪ್ಪಾ ಹೀಗೆ ಎಂದು ಕೇಳಿದರೆ, ಅವನು ಅಳುಮೋರೆ ಮಾಡಿದ. ತನ್ನ ಬಣ್ಣದ ಡಬ್ಬಗಳೂ ನೀರುಪಾಲಾಗಿವೆಯಂತೆ, ಈ ತಿಂಗಳು ಕೆಲಸ ಕಡಿಮೆಯಂತೆ. ಮೇಲೆ ಅಮ್ಮನವರು ಬಿಸಿಬಿಸಿ ಹಾಕುತ್ತಿರುವಾಗ ಕೆಳಗೆ ಕಾಸು ಕೊಟ್ಟು ತಿನ್ನಲು ಯಾರ ಕೈ ಬರುತ್ತದೆ, ನೀವೇ ಹೇಳಿ ಅಕ್ಕ ಎಂದ. ನಾನು ಗಣಿತದ ಟೀಚರು. ಸಾಮಾನು ಕೊಡಿಸಿದೆವು, ಗಿರಾಕಿಗಳನ್ನು ಮಾತ್ರ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಇಷ್ಟು ಸಣ್ಣ ಲೆಕ್ಕ ನನಗೂ ಹೊಳೆದಿರಲಿಲ್ಲ.

ಬಸ್ಸು ಹೋದರೆ ಹೋಗಲಿ ಎಂದು ಗಾಡಿಗೆ ವಾಪಸು ಬಂದೆ. ಜಮೀರ್ ಮರಕ್ಕೆ ಒರಗಿ ನಿಂತಿದ್ದ. ಅವನು ಮುಚ್ಚುಮರೆ ಮಾಡಲಿಲ್ಲ. ಜಾಲಹಳ್ಳಿ ಕಡೆಯವನೊಬ್ಬ ಗಾಡಿ ಕೊಳ್ಳಲು ಬರುತ್ತಿದ್ದಾನೆ, ಭಾನುವಾರ ಸಾಗಿಸುತ್ತಾನೆ ಎಂದ. ಸಿರಾದಲ್ಲಿ ಅಣ್ಣನ ಮನೆಯಿದೆ, ಹೆಂಡತಿ ಮಕ್ಕಳನ್ನು ಅಲ್ಲಿಗೆ ಬಿಟ್ಟು ತಾನು ಇಲ್ಲಿ ಯಾರ ಜೊತೆಯಾದರೂ ರೂಮಿನಲ್ಲಿ ಇರುತ್ತಾನಂತೆ. ಆಟೋ ಬರುವವರೆಗೆ ಮನೆ ನಡೆಯಬೇಕಾದದ್ದು ಈ ಗಾಡಿಯಿಂದ, ಗಾಡಿ ನಡೆಯುತ್ತಿಲ್ಲ. ನೀವು ಮಾಡಿದ ಉಪಕಾರವನ್ನು ಮಾರುತ್ತಿದ್ದೇನೆ ಎಂದು ತಪ್ಪು ತಿಳಿಯಬೇಡಿ ಎಂದ. ತಾಹೆರಾ ಒರೆಸಿದ ಪ್ಲೇಟುಗಳನ್ನೇ ಮತ್ತೆ ಒರೆಸುತ್ತಿದ್ದಳು.

ಈಗಲೂ ದಿನಾ ಗಾಡಿ ತೆರೆಯುವ ಮೊದಲು ನಮ್ಮತ್ತೆಯ ಪಕ್ಕದಲ್ಲೇ ಕೂತು ಈರುಳ್ಳಿ ಹೆಚ್ಚುತ್ತೀಯಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

“ನೀರಲ್ಲಿ ನನ್ ಮಕ್ಳು ನಡುಗ್ತಾ ಕೂತಿದ್ದಾಗ ಆ ಒಲೇಲಿ ಬೆಂದಿದ್ನೇ ತಿಂದಿದ್ದು ಅಕ್ಕಾ,” ಎಂದಳು ತಾಹೆರಾ. “ಆ ಒಲೆ ಆರ್ಲಿ ಅಂತ ನನ್ ಬಾಯಲ್ಲಿ ಹೆಂಗ್ ಹೇಳ್ಲಿ?”

ಆಗ ನನಗೆ ಅಳು ಬಂತು. ಮಾರಾಟವಾಗದೆ ಉಳಿದ ಇಡ್ಲಿಯನ್ನು ಅವಳು ಡಬರಿಯಲ್ಲಿ ಸೇವೆಗೆಂದು ತಂದದ್ದಲ್ಲ. ಹಳಸಿ ಹೋಗುವ ಬದಲು ಹಸಿದವರ ಹೊಟ್ಟೆಗೆ ಸೇರಲಿ ಎಂದು ತಂದದ್ದು. ಅದನ್ನು ನಮ್ಮತ್ತೆ ಅವಳ ಗಿರಾಕಿಗಳಿಗೇ ಪುಕ್ಕಟೆ ಬಡಿಸಿದ್ದರು.

ಅತ್ತೆಗೆ ಹೇಳಬೇಕಾಗಿತ್ತು. ಹೇಳುವವರು ಯಾರು? ಮಾವನವರನ್ನು ಕೇಳಿದರೆ ತೋಟದ ಪಂಪು ನೋಡಿ ಬರುತ್ತೇನೆ ಎಂದು ಎದ್ದರು. ನಮಗೆ ತೋಟವೂ ಇಲ್ಲ, ಪಂಪೂ ಇಲ್ಲ. ನನ್ನ ಗಂಡ ಅಮ್ಮನಿಗೆ ನೀನು ಹೇಳಿದರೆ ಕೇಳುತ್ತಾಳೆ ಎಂದ. ಇಷ್ಟು ವರ್ಷದಲ್ಲಿ ಅವನಾಡಿದ ಅತಿ ದೊಡ್ಡ ಸುಳ್ಳು ಅದು. ಸಂಜೆ ಅತ್ತೆ ಮರುದಿನದ ಬೇಳೆ ಆರಿಸುತ್ತ ಕೂತಿದ್ದಾಗ ನಾನೇ ಪಕ್ಕದಲ್ಲಿ ಕೂತು, ಒಂದು ಮುಷ್ಟಿ ಬೇಳೆ ಕೈಗೆ ತೆಗೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಜ್ಜು ರಸ್ತೆ ದಾಟಿದ್ದು, ಭಾನುವಾರ ಗಾಡಿ ಹೋಗುವುದು, ಸಿರಾ, ಡಬರಿ, ಎಲ್ಲ.

ಅತ್ತೆಗೆ ಕೋಪ ಮೂಗಿನ ತುದಿಯಲ್ಲಿ. ನಾನು ಬೈಗುಳಕ್ಕೆ ತಯಾರಾಗಿಯೇ ಕೂತಿದ್ದೆ. ಅವರು ಬೈಯಲಿಲ್ಲ. ಮೊರವನ್ನು ನೆಲಕ್ಕಿಟ್ಟರು.

“ಅಂದ್ರೆ ನಾನು ಅವ್ಳ ಒಟ್ಟೆ ಮ್ಯಾಲೆ ಒಡೆದೆ ಅಂತೀಯ?”

ಹಾಗಲ್ಲ ಅತ್ತೆ ಎನ್ನಲು ಹೋಗಿ, ಕೈಯಲ್ಲಿದ್ದ ಬೇಳೆಯನ್ನು ಮೊರಕ್ಕೆ ಸುರಿದೆ. ಅದು ಹಾಗೆಯೇ ಇತ್ತು. ಅತ್ತೆ ಎದ್ದು ಕೋಣೆಗೆ ಹೋದರು. ಆ ರಾತ್ರಿ ಊಟಕ್ಕೆ ಬರಲಿಲ್ಲ. ಊರಿಗೆಲ್ಲ ಅನ್ನ ಹಾಕಿದ ಹೆಂಗಸು ಹಸಿದು ಮಲಗಿದ್ದು ನೋಡಿ ನನಗೆ ಯಾಕಾದರೂ ಹೇಳಿದೆನೋ ಅನ್ನಿಸಿತು.

ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಹರಕೆಯ ಮಂಡಲ ಇನ್ನೂ ಅರ್ಧ ಉಳಿದಿತ್ತು. ಮಾರಮ್ಮನಿಗೆ ಕೊಟ್ಟ ಮಾತನ್ನು ನಡುವೆ ಬಿಟ್ಟರೆ ಏನಾಗುತ್ತದೋ ಎಂಬ ಭಯ ಅವರಿಗೆ ನಿಜವಾಗಿಯೂ ಇತ್ತು. ಮೆಟ್ಟಿಲ ಮೇಲೆ ನೀರು ಏರುವುದನ್ನು ನಿಂತು ನೋಡಿದವರು ಅವರು. ಗಣಿತ ಓದಿದ ನಾನು ಜೆಸಿಬಿ ನೋಡಿದ್ದೆ, ಅವರು ದೇವಿಯನ್ನು ನೋಡಿದ್ದರು. ಅದರ ಜೊತೆಗೆ ಇನ್ನೊಂದೂ ಇತ್ತು. ಮದುವೆಯಾಗಿ ಬಂದಂದಿನಿಂದ ಯಜಮಾನರ ಹೆಂಡತಿ ಎಂದೇ ಕರೆಸಿಕೊಂಡವರನ್ನು ಆ ಶೆಡ್ಡು, ಜನ ಗಂಗರತ್ನಮ್ಮ ಎಂದು ಕರೆಯುವ ಹಾಗೆ ಮಾಡಿತ್ತು. ಸೌಟು ಹಿಡಿದು ನಿಂತಾಗ ಅವರ ಮುಖದಲ್ಲಿ ಇರುತ್ತಿದ್ದ ಕಳೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಾರನೇ ದಿನ ತಿಂಡಿಯ ಗಲಾಟೆ ಮುಗಿದ ಮೇಲೆ ಅತ್ತೆ ತಲೆಗೆ ನೀರು ಹಾಕಿಕೊಂಡು, ನನ್ನಿಂದಲೂ ಶಾಲೆಗೆ ರಜೆ ಹಾಕಿಸಿ, ಎಬ್ಬಿಸಿಕೊಂಡು ಮಾರಮ್ಮನ ಗುಡಿಗೆ ಹೊರಟರು. ಹೂ ಕೇಳುವುದೆಂದು ತೀರ್ಮಾನ ಮಾಡಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಮದುವೆ, ಮನೆ ಕಟ್ಟುವುದು, ಬೋರು ಕೊರೆಸುವುದು, ಎಲ್ಲದಕ್ಕೂ ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ, ಕೇಳುವವರು ಕಣ್ಣು ಮುಚ್ಚಿ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಪೂಜಾರಿ ಬ್ಯಾಟರಾಯಪ್ಪ ಎಸಳು ಅಂಟಿಸಿದರು. ಅತ್ತೆ ಸೆರಗೊಡ್ಡಿ ಕೂತು, ಒಲೆ ನಿಲ್ಲಿಸಲೇ ತಾಯಿ ಎಂದು ಕೇಳಿದರು.

ಹೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಕರ್ಪೂರ ಉರಿದು ಮುಗಿಯಿತು. ನನ್ನ ಕಾಲು ಜೋಮು ಹಿಡಿಯಿತು. ಹೊರಗೆ ಯಾರದೋ ಬೈಕು ಬಂದು ಹೋಯಿತು. ಅತ್ತೆಯ ತುಟಿ ಮಾತ್ರ ಅಲುಗುತ್ತಿತ್ತು. ಕೊನೆಗೆ ಬ್ಯಾಟರಾಯಪ್ಪ ಗಂಟಲು ಸರಿಮಾಡಿಕೊಂಡು, ತಾಯಿಗೆ ಮನಸ್ಸಿಲ್ಲ ಅಂತ ಕಾಣುತ್ತೆ, ಮಂಡಲ ಪೂರ್ತಿ ಮುಗಿಸಿಬಿಡಿ ಎಂದು ಮೆಲ್ಲಗೆ ಸೂಚಿಸಿದರು. ಅತ್ತೆ ಕಣ್ಣು ಬಿಟ್ಟು ಅವರನ್ನು ನೋಡಿದರು. ದಿನಾ ತಿಂಡಿಯ ಸಾಲಿನಲ್ಲಿ ಮೊದಲು ನಿಂತು, ಇನ್ನೊಂದು ಸಲ ಕೊನೆಯಲ್ಲೂ ನಿಲ್ಲುವವರು ಬ್ಯಾಟರಾಯಪ್ಪ. ಅತ್ತೆಗೆ ಅದು ನೆನಪಾಯಿತೆಂದು ನನಗೆ ಅವರ ನೋಟದಲ್ಲೇ ಗೊತ್ತಾಯಿತು. ಪೂಜಾರಿಗೂ ಗೊತ್ತಾಗಿ, ಅವರು ಗಂಟೆಯ ಹಗ್ಗ ಸರಿಮಾಡಲು ಆಚೆ ಹೋದರು.

ಅತ್ತೆ ಮತ್ತೆ ದೇವಿಯ ಕಡೆ ತಿರುಗಿದರು. ಈಗ ಸೆರಗೊಡ್ಡಲಿಲ್ಲ. ಅಕ್ಕನ ಜೊತೆ ಜಗಳಕ್ಕೆ ನಿಂತ ಹಾಗೆ ನಿಂತರು.

“ಅಸಿದೋರಿಗೆ ಅನ್ನ ಆಕ್ತೀನಿ ಅಂದಿದ್ದೆ, ಆಕ್ದೆ. ಈಗ ನನ್ ಅನ್ನದಿಂದ್ಲೇ ಒಬ್ಳು ಮಕ್ಳು ಕಟ್ಕೊಂಡು ಊರು ಬಿಡೋ ಅಂಗಾಗದೆ. ನೀನು ಊಂ ಅನ್ನು, ಊಹೂಂ ಅನ್ನು, ನಾನು ಒಲೆ ಆರಿಸ್ತೀನಿ. ಮಿಕ್ಕಿದ್ದ ಅರಕೇನ ಎಂಗೆ ತೀರಿಸ್ಬೇಕೋ ನನಗ್ ಬಿಡು. ಕ್ವಾಪ ಬಂದ್ರೆ ನನ್ ಮ್ಯಾಲೆ ತೀರಿಸ್ಕೊ, ನನ್ ಮನೆ ಮ್ಯಾಲೆ ಬ್ಯಾಡ.”

ಇಷ್ಟು ಹೇಳಿದವರೇ ಎರಡೂ ಕೆನ್ನೆ ಬಡಿದುಕೊಂಡರು. ನನ್ನತ್ತೆ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹೆದರಿಕೊಂಡೂ ಹೇಳಿದರಲ್ಲ, ಅವತ್ತಿನಿಂದ ಅವರ ಮೇಲೆ ನನಗಿರುವ ಗೌರವವೇ ಬೇರೆ. ಮನೆಯಲ್ಲಿ ಅದನ್ನು ತೋರಿಸಿಕೊಳ್ಳುವುದಿಲ್ಲ, ತೋರಿಸಿದರೆ ನನ್ನ ಕಥೆ ಮುಗಿಯಿತು.

ಆ ಸಂಜೆಯೇ ಅತ್ತೆ ನನ್ನನ್ನು ಕರೆದುಕೊಂಡು ಕೆಳಗಿನ ಬೀದಿಗಳಲ್ಲಿ ಒಂದೊಂದೇ ಮನೆಗೆ ಹೋಗಿ ನೋಡಿದರು. ಹೆಚ್ಚಿನವರ ಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಬಿದ್ದು ಸೊಂಟ ಮುರಿದುಕೊಂಡ ಮುನಿಶಾಮಮ್ಮ, ಒಲೆ ಹಚ್ಚುವವರಿಲ್ಲದ ಒಬ್ಬಿಬ್ಬರು ಮುದುಕರು, ಹಸಿ ಬಾಣಂತಿಯೊಬ್ಬಳು, ಇಂಥವರಿಗೆ ಮಾತ್ರ ಇನ್ನೂ ಅನ್ನ ಬೇಕಾಗಿತ್ತು. ಹರಕೆಯ ಉಳಿದ ದಿನ ಇವರ ಬಾಗಿಲಿಗೇ ಕ್ಯಾರಿಯರು ಕಳಿಸುವುದೆಂದು ಅತ್ತೆ ನಿಂತಲ್ಲೇ ನಿರ್ಧರಿಸಿದರು. ಹೊತ್ತು ತಲುಪಿಸುವ ಕೆಲಸ ಯಾರದೆಂದು ನಾನು ಕೇಳಲಿಲ್ಲ. ಬಾಯಿ ತೆರೆಯದಿದ್ದರೂ ಅದು ಮಾವನವರ ಪಾಲಿಗೆ ಹೋಯಿತು.

ಬೆಳಿಗ್ಗೆ ಎಂದಿನಂತೆ ಜನ ಸಾಲುಗಟ್ಟಿದರು. ಶೆಡ್ಡಿಗೆ ಬೀಗ. ಮುಂದೆ ಅತ್ತೆ, ಮದುವೆಗೆ ಹೋಗುವ ಸೀರೆ ಉಟ್ಟು, ಪರ್ಸು ಹಿಡಿದು ನಿಂತಿದ್ದರು. ಇಲ್ಲಿ ಇನ್ನು ಮೇಲೆ ತಿಂಡಿ ಇಲ್ಲ, ನನಗೂ ಹಸಿವಾಗಿದೆ, ತಾಹೆರಾಳ ಗಾಡಿಗೆ ಹೋಗುತ್ತಿದ್ದೇನೆ, ಬರುವವರು ಬನ್ನಿ ಎಂದು ಹೇಳಿ ದಿಬ್ಬ ಇಳಿಯತೊಡಗಿದರು. ಜನ ಬೀಗವನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಆಮೇಲೆ ಸಾಲು ಸಾಲಾಗಿಯೇ ಅವರ ಹಿಂದೆ ಹೊರಟಿತು. ಕೆಲವರು ಗೊಣಗಿದರು, ಕೆಲವರು ದಾರಿಯಲ್ಲೇ ಮನೆ ಕಡೆ ತಿರುಗಿಕೊಂಡರು. ಅಜ್ಜು ಮಾತ್ರ ನಾಚಿಕೊಂಡು ಎಲ್ಲರಿಗಿಂತ ಮುಂದೆ ನಡೆದ.

ಅಷ್ಟು ಜನ ಒಟ್ಟಿಗೆ ಬರುವುದನ್ನು ಕಂಡು ತಾಹೆರಾ ಗಾಬರಿಯಾದಳು. ಗಾಡಿಯ ಹಿಂದಿನಿಂದ ಈಚೆ ಬಂದು, ಏನು ತಪ್ಪಾಯಿತಮ್ಮ ಎಂದು ಅತ್ತೆಯ ಕೈ ಹಿಡಿದಳು. ಅತ್ತೆ ಕೈ ಬಿಡಿಸಿಕೊಂಡು ಒಂದು ಪ್ಲೇಟು ಇಡ್ಲಿ ಕೇಳಿದರು. ರಸ್ತೆಯಲ್ಲಿ ನಿಂತು ತಿನ್ನುವವರನ್ನು ಜೀವಮಾನವಿಡೀ ಬೈದವರು. ತಾಹೆರಾ ಓಡಿ ಹೋಗಿ ಎಳನೀರಿನ ಅಂಗಡಿಯಿಂದ ಸ್ಟೂಲು ತರಲು ನೋಡಿದಳು, ಅದನ್ನೂ ಬೇಡವೆಂದರು. ಇಡ್ಲಿ ಕೈಗೆ ಬಂದ ಮೇಲೆ ದುಡ್ಡು ಚಾಚಿದರು. ತಾಹೆರಾ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ತುಂಬಿತ್ತು. ನಿಮ್ಮ ಹತ್ತಿರ ಹೇಗೆ ತಗೊಳ್ಳಲಿ ಎಂದಳು.

“ಇಸ್ಕೊ,” ಎಂದರು ಅತ್ತೆ. “ನೀನು ಇಸ್ಕಳ್ದೆ ಓದ್ರೆ ನನ್ ಇಂದೆ ನಿಂತೋರೂ ಯಾರೂ ಕೊಡಲ್ಲ.”

ತಾಹೆರಾ ದುಡ್ಡು ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡು ಡಬ್ಬಕ್ಕೆ ಹಾಕಿದಳು. ಮರದ ಬುಡದಲ್ಲಿದ್ದ ಜಮೀರ್ ಬಂದು ಗಾಡಿಯ ಇನ್ನೊಂದು ಬದಿಯಲ್ಲಿ ನಿಂತು, ಯಾರೂ ಹೇಳದೆಯೇ ಪ್ಲೇಟು ಜೋಡಿಸತೊಡಗಿದ.

ಅತ್ತೆ ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಇಲ್ಲಿಗೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಮ್ಮತ್ತೆಗೆ ನಿಲ್ಲಿಸುವುದು ಗೊತ್ತಿಲ್ಲವಲ್ಲ. ಚಟ್ನಿಗೆ ಉಪ್ಪು ಸಾಲದು ಎಂದರು. ಹುರಿಗಡಲೆ ಜಾಸ್ತಿಯಾಗಿದೆ ಎಂದರು. ಇಡ್ಲಿಗೆ ಉದ್ದು ಎಷ್ಟು ಹಾಕಬೇಕು, ಎಷ್ಟು ಹೊತ್ತು ನೆನೆಸಬೇಕು, ಅವರ ತಾಯಿ ಮನೆಯಲ್ಲಿ ಹೇಗೆ ರುಬ್ಬುತ್ತಿದ್ದರು ಎಂದು ಶುರು ಹಚ್ಚಿದರು. ಗಾಡಿಯ ಮುಂದೆ ನಟ್ಟನಡುವೆ ನಿಂತು, ಒಂದು ಕೈಯಲ್ಲಿ ಪ್ಲೇಟು ಹಿಡಿದು, ಇನ್ನೊಂದು ಕೈಯಲ್ಲಿ ಸಾಂಬಾರಿನ ಸೌಟನ್ನೂ ಎತ್ತಿ ನೋಡಿದರು. ಹಿಂದೆ ಸೆಕ್ಯೂರಿಟಿ ಗಾರ್ಡುಗಳು ಕೆಲಸಕ್ಕೆ ಹೊತ್ತಾಯಿತೆಂದು ಕಾಲು ಬದಲಾಯಿಸುತ್ತಿದ್ದರು. ಅಜ್ಜು ದುಡ್ಡು ಹಿಡಿದ ಕೈಯನ್ನು ಅತ್ತೆಯ ಭುಜದ ಪಕ್ಕದಿಂದ ತೂರಿಸಲು ನೋಡುತ್ತಿದ್ದ. ನಾನು ಅತ್ತೆಯ ಸೆರಗು ಜಗ್ಗಿದೆ, ಅವರಿಗೆ ಗೊತ್ತಾಗಲಿಲ್ಲ.

ತಾಹೆರಾ ಅವರ ಕೈಯಿಂದ ಸೌಟನ್ನು ಮೆಲ್ಲಗೆ ತೆಗೆದುಕೊಂಡಳು.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ,” ಎಂದಳು. “ಗಿರಾಕಿ ಕಾಯ್ತಾ ಇದ್ದಾರೆ.”

ಆ ಊರಿನಲ್ಲಿ ಗಂಗರತ್ನಮ್ಮನವರಿಗೆ ಪಕ್ಕಕ್ಕೆ ನಿಲ್ಲಿ ಎಂದು ಹೇಳಿದವರು ಅಂದಿನವರೆಗೆ ಯಾರೂ ಇರಲಿಲ್ಲ, ಮಾವನವರೂ ಸೇರಿದಂತೆ. ಅತ್ತೆ ಒಂದು ಗಳಿಗೆ ತಾಹೆರಾಳ ಮುಖವನ್ನೇ ನೋಡಿದರು. ಅವಳು ಆಗಲೇ ಅಜ್ಜುವಿಗೆ ಎಷ್ಟು ಪ್ಲೇಟು ಎಂದು ಕೇಳುತ್ತಿದ್ದಳು.

ಅತ್ತೆ ಪ್ಲೇಟು ಹಿಡಿದುಕೊಂಡು ಪಕ್ಕಕ್ಕೆ ಸರಿದರು.